ಪಾವಿನ ಮುಂದೆ ಹೇಳಬಾರದ ಹೆಸರು

ಹೊರಗಿನ ಕೆಲಸದ ಮಾತನ್ನು ಮನೆಯೊಳಗೆ ತರಬಾರದು ಎಂದು ನಂಬಿದವಳು ನಾನು. ನನಗೆ ಮಾತು ಕಡಿಮೆ ಎಂಬ ಹೆಸರಿಗೆ ಅರ್ಧ ಕಾರಣ ಸಂಕೋಚ, ಇನ್ನರ್ಧ ಇಲಿ. ಕೊಯಮತ್ತೂರಿನ ಒಂದು ಪ್ರಯೋಗಾಲಯದಲ್ಲಿ ನಾನು ಇಲಿಯ ಮಿದುಳನ್ನು ಭಾಗ ಭಾಗವಾಗಿ ಬಿಡಿಸಿ, ಎಲ್ಲಿ ಯಾವ ಜೀನ್ ಎಚ್ಚರವಾಗಿದೆ, ಯಾವುದು ಮಲಗಿದೆ ಎಂದು ನೋಡುತ್ತೇನೆ. ಸೂಲೂರಿನ ನಮ್ಮ ಮನೆಯಲ್ಲಿರುವುದು ಕೈಮಗ್ಗ. ಮನೆಮಾತು ಕನ್ನಡವಾದರೂ ಮಗ್ಗಕ್ಕೆ ಹೂಡಿದ ನೂಲಿಗೆ ನಾವು ಇಲ್ಲಿಯವರಂತೆ ಪಾವು ಎನ್ನುತ್ತೇವೆ. ಪಾವಿನ ಮುಂದೆ ಇಲಿಯ ಹೆಸರೆತ್ತಿದರೆ ಅದು ಕೇಳಿಸಿಕೊಂಡು ಕಡಿಯಲು ಬರುತ್ತದೆ ಎಂಬುದು ಅಜ್ಜಿಯ ನಂಬಿಕೆ. 'ಅವರು' ಎನ್ನಬೇಕು. ತಾತನಿಗೂ ಅಜ್ಜಿ ಅಷ್ಟು ಮರ್ಯಾದೆ ಕೊಟ್ಟದ್ದು ನನಗೆ ನೆನಪಿಲ್ಲ.

ಅಕ್ಕನ ಮದುವೆಯ ಸೀರೆ ಮಗ್ಗದ ಮೇಲಿತ್ತು. ಅಮ್ಮ ಅರ್ಧ ನೇಯ್ದಿದ್ದಳು. ಪಾವು ಕಡಿದುಹೋದರೆ ಮುಹೂರ್ತದೊಳಗೆ ಇನ್ನೊಂದು ಆಗುವ ಹಾಗಿರಲಿಲ್ಲ. ಆಗಲೇ ನನ್ನ ಗೈಡ್ ಫೋನ್ ಮಾಡಿದರು. ಮಗ್ಗಕ್ಕೆ ಒರಗಿ ನಿಂತು ಇಲಿಯ ಬಗ್ಗೆ ವಿವರವಾಗಿ ಮಾತಾಡಿದೆ.

"ಅಯ್ಯೋ ಅಮ್ಮಿಣಿ, ಪಾವಿನ ಮುಂದೆ ಪೇರು ಹೇಳ್ಬಿಟ್ಟಿಯಲ್ಲಾ!" ಎಂದಳು ಅಜ್ಜಿ.

"ತಮಿಳಲ್ಲಿ ಹೇಳಿದ್ದು ಅಜ್ಜಿ."

"ಅವ್ರಿಗೆ ತಮಿಳು ಬರಲ್ವಾ? ಇಲ್ಲೇ ಹುಟ್ಟಿದವ್ರು ತಾನೆ!"

ಮರುದಿನ ಸಂಜೆ ಅವರು ಬಂದರು. ಅಮ್ಮ ಕೈ ತಟ್ಟಿದರೆ ಮಾಯ. ನಾನೊಬ್ಬಳೇ ಇದ್ದರೆ ಮಗ್ಗದ ಮೇಲೆ ಪ್ರತ್ಯಕ್ಷ. ಊರ ಪಕ್ಕದ ವಾಯುಪಡೆ ನೆಲೆಯ ವಿಮಾನ ಹಂಚು ಅದುರುವಂತೆ ಹಾದುಹೋದರೂ ಆ ಇಲಿ ಮೀಸೆ ಅಲುಗಿಸಲಿಲ್ಲ. ನನ್ನನ್ನೇ ನೋಡುತ್ತಿತ್ತು. ಮುಖಕ್ಕಿಂತ ಸ್ವಲ್ಪ ಮೇಲೆ, ಹಣೆಯ ಕಡೆಗೆ.

ನಾನು ಅಜ್ಜಿಗೆ ವಿಜ್ಞಾನ ಹೇಳಿದೆ. ಪಾವು ಒಂದೇ ಆದರೂ ಅಂಚಿನ ಹೂವಿಗೆ ಕೆಲವು ನೂಲು ಏಳುತ್ತವೆ, ಒಡಲಿಗೆ ಬೇರೆ ಕೆಲವು. ಮಿದುಳೂ ಹಾಗೆಯೇ, ಭಯಕ್ಕೆ ಒಂದು ಜಾಗ, ನಡಿಗೆಯ ಹದಕ್ಕೆ ಹಿಂದಲೆ.

"ಹಂಗಾದ್ರೆ ನಿನ್ನ ಕಂಡ್ರೆ ಇವ್ರಿಗೆ ಭಯದ ನೂಲು ಯಾಕೆ ಏಳಲ್ಲ?"

"ಪ್ರಯೋಗಾಲಯದಲ್ಲಿರುವ 'ಅವರ' ವಾಸನೆ ನನ್ನ ಬಟ್ಟೆಗೆ ಅಂಟಿರಬಹುದು."

"ಅದೇ ನಾನೂ ಹೇಳೋದು. ನೆಂಟ್ರು ಎಲ್ಲೀಂತ ನಿನ್ನ ಕೇಳೋಕೆ ಬಂದವ್ರೆ. ನೀನೇ ಬೇಡ್ಕೋ."

ಮಗ್ಗದ ಕೆಳಗೆ ಪುರಿ, ಬೆಲ್ಲ ಇಟ್ಟದ್ದಾಯಿತು. ಸ್ನಾತಕೋತ್ತರ ಪದವೀಧರೆಯಾದ ನಾನು ಕೈ ಮುಗಿದು, ಯಾರಿಗೂ ಕೇಳದಂತೆ ಪಿಸುಗುಟ್ಟಿದೆ: "ಪಾವನ್ನು ಬಿಟ್ಟುಬಿಡಿ. ಏನಿದ್ದರೂ ನನ್ನ ಜೊತೆ ಇರಲಿ." ಆಮೇಲೆ ಎಂದಿನಂತೆ ಮಗ್ಗದ ಕೋಣೆಯ ಮೂಲೆಯಲ್ಲಿ ಹಾಸಿಕೊಂಡು ಮಲಗಿದೆ.

ಬೆಳಿಗ್ಗೆ ಪಾವಿನ ಒಂದೆಳೆಯೂ ಕಡಿದಿರಲಿಲ್ಲ. ಪುರಿಯೂ ಹಾಗೇ ಇತ್ತು. ಅಮ್ಮ ಖುಷಿಯಿಂದ ಲಾಳಿ ಹೊಡೆಯತೊಡಗಿದಳು. ನಾನು ಹಾಸಿಗೆ ಮಡಚಲು ಬಗ್ಗಿದೆ. ದಿಂಬಿನಲ್ಲಿ, ಸರಿಯಾಗಿ ನನ್ನ ಹಿಂದಲೆ ಊರುವ ಕಡೆ, ದುಂಡಗಿನ ತೂತು. ಹತ್ತಿ ಚೆಲ್ಲಿರಲಿಲ್ಲ, ಬೇಕಾದಷ್ಟನ್ನೇ ಎತ್ತಿಕೊಂಡು ಹೋಗಿತ್ತು. ಅಂಚು ಎಷ್ಟು ನಾಜೂಕಾಗಿತ್ತೆಂದರೆ, ಮಿದುಳು ಬಿಡಿಸುವಾಗ ನನ್ನ ಕೈಯಲ್ಲಿ ಒಮ್ಮೆಯೂ ಅಷ್ಟು ಚೆನ್ನಾಗಿ ಬಂದಿಲ್ಲ.

ಅಕ್ಕ ಆ ಸೀರೆಯನ್ನೇ ಉಟ್ಟು ಹಸೆಮಣೆ ಏರಿದಳು. ನಾನೀಗ ದಿಂಬಿಲ್ಲದೆ, ಗೋಡೆಗೆ ಹಿಂದಲೆ ಒತ್ತಿಕೊಂಡು ಮಲಗುತ್ತೇನೆ. ಇಲಿಗೆ ಹೇಳಬೇಕಾದ ಒಂದು ಮಾತು ಮಾತ್ರ ಉಳಿದುಹೋಗಿದೆ: ಭಯ ಹುಡುಕಿಕೊಂಡು ಬಂದಿದ್ದರೆ ನೀನು ತೆಗೆದ ಜಾಗ ತಪ್ಪು, ಅದು ಇರುವುದು ಅಲ್ಲಲ್ಲ, ಇನ್ನೂ ಒಳಗೆ, ಕಿವಿಯ ನೇರಕ್ಕೆ. ಆದರೆ ತಿದ್ದಿ ಹೇಳಿದರೆ ಮತ್ತೆ ಬರುತ್ತದೆ. ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೇನೆ. ಮೊದಲೇ ಮಾತು ಕಡಿಮೆಯವಳು ನೋಡಿ.