ಗಟ್ಟಿ ಲೇಪವೂ ನನ್ನ ಸುತ್ತಿಗೆಯೂ

ಇಂಥವೆಲ್ಲ ಹುಡುಕಿಕೊಂಡು ನನ್ನ ಹತ್ರಾನೇ ಬರ್ತಾವೆ. ಅರವತ್ತರ ದಶಕದಲ್ಲಿ, ಸಾಗರದ ಕಡೆ, ಸಾಹೇಬರ ಮಿಷನ್ನು ಕಂಡುಹಿಡಿಯಲಾರದ್ದನ್ನು ಕಂಡುಹಿಡಿದವನು ನಾನೊಬ್ಬನೇ. ಕಣ್ಣಾರೆ ಕಂಡವರೆಲ್ಲ ತೀರಿಕೊಂಡಿದ್ದಾರೆ. ನಂಬದೆ ನಿಮಗೆ ಬೇರೆ ದಾರಿಯಿಲ್ಲ.

೧. ಓದು

ಅಣೆಕಟ್ಟೆಯ ವರ್ಕ್‌ಶಾಪಿನಲ್ಲಿ ನಾನು ಕಮ್ಮಾರ. ಮರಳು ಬೆರೆತ ನೀರಿಗೆ ಪಂಪಿನ ರೆಕ್ಕೆ ಸವೆಯುತ್ತೆ ಅಂತ, ಮಿಶ್ರಲೋಹದ ಬಿಲ್ಲೆಗಳಿಗೆ ಪಿಂಗಾಣಿಯಂಥ ಗಟ್ಟಿ ಲೇಪ ಹಾಕಿ ಪರೀಕ್ಷೆ ಮಾಡೋಕೆ ಹೊಸ ಎಂಜಿನಿಯರ್ ಸಾಹೇಬ್ರು ಬಂದ್ರು.

"ಎಷ್ಟು ಓದಿದೀಯ?"

"ಶಾಲೆ ಬಾಗಿಲಿಗೆ ಚಿಲಕ ಮಾಡಿಕೊಟ್ಟಿದೀನಿ ಸ್ವಾಮಿ. ಒಳಗೆ ಹೋಗಿಲ್ಲ."

"ಓದು ಬಾರದವನು ಈ ಕೆಲಸಕ್ಕೆ ಬೇಡ. ತಿಂಗಳ ಕೊನೆಗೆ ಊರಿಗೆ ಹೊರಡು."

"ಅಷ್ಟರೊಳಗೆ ನೀವೇ 'ಇರು' ಅಂತೀರಿ," ಅಂದೆ. ಹೊರಡೋಕೆ ನನಗೆ ಊರಲ್ಲಿ ಕುಲುಮೆಯೂ ಇರಲಿಲ್ಲ. ಅದನ್ನು ಅವರಿಗ್ಯಾಕೆ ಹೇಳ್ಲಿ?

೨. ಸಾಣೆಕಲ್ಲು

ಸಾಹೇಬ್ರು ಉಕ್ಕಿನ ಮೊಳೆಯಲ್ಲಿ ಬಿಲ್ಲೆ ಗೀರಿದ್ರು. ಒಂದು ಗೆರೆಯೂ ಬೀಳಲಿಲ್ಲ. "ನೀನು ಗೀರು ನೋಡೋಣ" ಅಂದ್ರು. ಕತ್ತಿ ಮಸೆಯೋ ಸಾಣೆಕಲ್ಲು ತಂದು ಬೆಳಗಿಂದ ಊಟದ ಹೊತ್ತಿನ ತನಕ ತಿಕ್ಕಿದೆ. ಕಲ್ಲಲ್ಲೇ ಹಳ್ಳ ಬಿತ್ತು.

"ಸೋತ್ಯಲ್ಲೋ?"

"ನಾನೆಲ್ಲಿ ಸೋತೆ? ಸೋತಿದ್ದು ಕಲ್ಲು."

೩. ಬಡಿತ

ಸಾಗರದ ಸಂತೆಯಲ್ಲಿ ಹೆಂಗಸರು ಮಡಕೆ ಬಡಿದು ನೋಡಿಯೇ ಕೊಳ್ಳೋದು. ಗಟ್ಟಿಯಿದ್ರೆ 'ಟಣ್', ಒಳಬಿರುಕಿದ್ರೆ 'ದಬ್'. ತಿಂಗಳ ಕೊನೆ ದಿನ ಹತ್ತು ಬಿಲ್ಲೆ ಕೆಂಪಗೆ ಕಾಸಿ ತಣ್ಣೀರಿಗೆ ಅದ್ದುವ ಪರೀಕ್ಷೆ. "ಯಾವುದು ಹೋಗುತ್ತೆ, ಮೊದಲೇ ಹೇಳ್ತೀನಿ" ಅಂದೆ.

"ಬಿರುಕು ಹುಡುಕೋ ನನ್ನ ಮಿಷನ್ನು ಹತ್ತೂ ಸರಿ ಅಂದಿದೆ. ನೀನು ತಪ್ಪಿದ್ರೆ ಈಗಲೇ ಗಂಟು ಕಟ್ಟು!"

ಸಣ್ಣ ಸುತ್ತಿಗೆಯಲ್ಲಿ ಬಡಿದೆ. ಏಳನೇದು ದಬ್ ಅಂತು. ನೀರಿಗೆ ಹಾಕಿದಾಗ ಒಂಬತ್ತು 'ಚುಂಯ್' ಅಂದು ಸುಮ್ಮನಾದವು. ಏಳನೇದರ ಲೇಪ ಸುಟ್ಟ ಹಪ್ಪಳದ ಹಾಗೆ ಎದ್ದು ಬಂತು.

"ಇರು ಮಾರಾಯ," ಅಂದ್ರು ಸಾಹೇಬ್ರು.

"ಜೋರಾಗಿ ಹೇಳಿ ಸ್ವಾಮಿ, ಹೊರಗಿನವರಿಗೂ ಕೇಳಲಿ!"

ಮೊನ್ನೆ ಹೊಸನಗರದ ಹೋಟ್ಲಲ್ಲಿ ಇದನ್ನು ಹೇಳಿ ಮೀಸೆ ತಿರುವ್ತಾ ಇದ್ದೆ. ತೀರ್ಥಹಳ್ಳಿ ಬೀಗರು ನನ್ನ ಕಿವಿಗೆ ಬಾಯಿಟ್ಟು ಕೂಗಿದ್ರು: "ಅಲ್ಲ ಬೀಗ್ರೇ, ಬಂಡೆ ಸಿಡಿಸೋ ಕೆಲಸದಲ್ಲಿ ಎರಡೂ ಕಿವಿ ಹೋಯ್ತು, ಆಮೇಲೇ ವರ್ಕ್‌ಶಾಪಿಗೆ ಹಾಕಿದ್ರು ಅಂತ ಹೋದ ವಾರ ಹೇಳಿದ್ರಲ್ಲ! ಟಣ್ ದಬ್ ಹೆಂಗೆ ಕೇಳ್ತು?"

ಹೋಟ್ಲಿಗೆ ಹೋಟ್ಲೇ ನನ್ನ ಮುಖ ನೋಡ್ತು. ನಾನು ಭುಜ ಹಾರಿಸಿದೆ.

"ಹೋಗಿದ್ದು ಮನುಷ್ಯರ ಮಾತು ಕೇಳೋ ಕಿವಿ. ಕಬ್ಬಿಣದ್ದು ಚೆನ್ನಾಗೇ ಇತ್ತು."