ಮಾವನ ಮೀಸೆಯ ಅಂಚು

ಸೀರೆ ಅಂಗಡಿಯ ಮುಂದೆ ಹಾದುಹೋಗುವಾಗ ಸಂಸಾರಸ್ಥ ಗಂಡಸರು ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ನಾನು ಕಿವಿ ಮುಟ್ಟಿ ನೋಡಿಕೊಳ್ಳುತ್ತೇನೆ. ನಾಚಿಕೆಯಾದರೆ ಕೆಲವರಿಗೆ ಮುಖ ಕೆಂಪಾಗುತ್ತದೆ, ಕೆಲವರಿಗೆ ಮಾತು ತೊದಲುತ್ತದೆ. ನನಗೆ ಮಾತ್ರ ಕಿವಿ ಸುಡುತ್ತದೆ. ಗಾಜಿನ ಹಿಂದೆ ಜರಿಯಂಚಿನ ರೇಷ್ಮೆ ಸೀರೆಯೊಂದು ಹರಡಿಕೊಂಡಿದ್ದರೆ ಸಾಕು, ಅಂಚಿನಲ್ಲಿರುವುದು ಆನೆಯೋ ನವಿಲೋ ಎಂದು ನೋಡುವ ಧೈರ್ಯವಾಗದೆ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತೇನೆ. ಇದಕ್ಕೆ ಕಾರಣ ಹೇಳಬೇಕೆಂದರೆ, ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ, ಮದುವೆಯಾಗಿ ಎರಡು ವರ್ಷವಾಗಿದ್ದ ನಾನು ದಿನಾ ಸಂಜೆ ವಿಡಿಯೋ ಗೇಮ್ ಆಡುತ್ತಿದ್ದೆ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಬರೀ ಆಡಿದ್ದರೆ ಈ ಪ್ರಬಂಧ ಬರೆಯುವ ಕಷ್ಟ ಇರುತ್ತಿರಲಿಲ್ಲ. ಆ ಆಟದ ಮೇಲೆ ನಾನೊಂದು ಕಾಮಿಕ್ಸ್ ಕೂಡ ಬರೆಯುತ್ತಿದ್ದೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆಗಳಿಗೆ ಗ್ರಾಫ್ ಬರೆಯುವುದು ನನ್ನ ಕೆಲಸ. ಸೀರೆಯ ಅಂಚಿನಲ್ಲಿ ಬರಬೇಕಾದ ಚಿತ್ರವನ್ನು ಚೌಕಳಿಯ ಹಾಳೆಯ ಮೇಲೆ ಒಂದೊಂದೇ ಮನೆಗೆ ಕೆಂಪು ಬಣ್ಣ ತುಂಬಿ ಬರೆಯಬೇಕು. ಆ ಹಾಳೆ ನೋಡಿಕೊಂಡು ಇನ್ನೊಬ್ಬರು ಸಾಲಿಗೊಂದರಂತೆ ರಟ್ಟಿನ ಕಾರ್ಡಿಗೆ ತೂತು ಹೊಡೆಯುತ್ತಾರೆ. ಕಾರ್ಡುಗಳ ಸರಪಳಿ ಮಗ್ಗದ ಮೇಲೆ ಏರಿ ಕುಳಿತರೆ, ತೂತಿದ್ದ ಕಡೆ ಜರಿ ಮೂಡುತ್ತದೆ. ನಮ್ಮಲ್ಲಿ ತೂತು ಹೊಡೆಯುತ್ತಿದ್ದವರು ಶಾಗ್ಯದ ನಂಜಪ್ಪನವರು. ಅರವತ್ತು ದಾಟಿದ್ದ, ದಪ್ಪ ಕನ್ನಡಕದ ಮನುಷ್ಯ. ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಅವರು ಚಿತ್ರ ನೋಡುತ್ತಿರಲಿಲ್ಲ, ಮನೆ ಎಣಿಸುತ್ತಿದ್ದರು. ಹಂಸವೋ ಮಾವಿನಕಾಯಿಯೋ, ಅವರಿಗೆ ಎಲ್ಲವೂ ತುಂಬಿದ ಮನೆ ಮತ್ತು ಖಾಲಿ ಮನೆ.

ಇನ್ನು ವಿಡಿಯೋ ಗೇಮು. ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಅದನ್ನು ಕೊಳ್ಳುವಾಗ "ಅಣ್ಣನ ಮಗನಿಗೆ" ಎಂದಿದ್ದೆ. ನನಗೆ ಅಣ್ಣನೇ ಇಲ್ಲ. ಅದನ್ನು ಜೋಡಿಸಿದ್ದು ನಮ್ಮ ಮಾವನವರು ಮದುವೆಯಲ್ಲಿ ಕೊಟ್ಟ ಟೀವಿಗೆ. ಟೀವಿ ಒಂದನ್ನೇ ಅಲ್ಲ, ಯಳಂದೂರಿನ ಜಮೀನುದಾರರಾದ ನಮ್ಮ ಮಾವ ಗ್ರಾಫ್ ಬರೆಯುವ ಕೆಲಸವನ್ನೂ ತಮ್ಮ ಪರಿಚಯದ ಮಗ್ಗದ ಯಜಮಾನರಿಗೆ ಹೇಳಿ ಕೊಡಿಸಿದ್ದರು. ಒಂದು ಕಾಸೆಟ್ಟಿನ ಆಟ ನನಗೆ ಹುಚ್ಚು ಹಿಡಿಸಿತು. ಲಾಟೀನು ಹಿಡಿದ ಒಬ್ಬ ಕುಳ್ಳ ಗುಹೆಗಳ ಒಳಗೆ ಓಡುತ್ತಾನೆ, ಹಳ್ಳ ಹಾರುತ್ತಾನೆ, ಪ್ರತಿ ಗುಹೆಯ ಬಾಗಿಲಲ್ಲಿ ಒಬ್ಬ ದೈತ್ಯನನ್ನು ಎದುರಿಸುತ್ತಾನೆ. ಯಾಕೆ ಓಡುತ್ತಾನೆ ಎಂಬುದು ಮೊದಲಲ್ಲಿ ಇಂಗ್ಲಿಷಿನಲ್ಲಿ ಬರುತ್ತಿತ್ತು. ಅದನ್ನು ಓದುವಷ್ಟು ತಾಳ್ಮೆ ನನಗಿರಲಿಲ್ಲ. ಅವನಿಗೆ ಕೆಂಪ ಎಂದು ನಾನೇ ಹೆಸರಿಟ್ಟೆ. ನನ್ನ ಹೆಂಡತಿ ಶಶಿಕಲಾ ಒಳಗಿನಿಂದ "ರೀ, ಊಟಕ್ಕೆ ಬನ್ನಿ" ಎಂದು ಮೂರು ಸಲ ಕರೆದರೂ ನಾನು ಕೆಂಪನನ್ನು ನಡು ಹಳ್ಳದಲ್ಲಿ ಬಿಟ್ಟು ಏಳುತ್ತಿರಲಿಲ್ಲ.

ಆದರೆ ಕರೆಂಟು ಇರಬೇಕಲ್ಲ. ನಮ್ಮೂರಿನಲ್ಲಿ ಸಂಜೆಯ ಕರೆಂಟು ನೆಂಟರ ಹಾಗೆ ಬಂದು ಹೋಗುತ್ತಿತ್ತು. ಹೋದಾಗ ಕೈ ಕೆರೆಯುತ್ತಿತ್ತು. ಒಂದು ದಿನ ಕಿಟಕಿಯ ಹತ್ತಿರ ಕುಳಿತು, ಮಿಕ್ಕಿದ್ದ ಗ್ರಾಫ್ ಹಾಳೆಯ ಮೇಲೆ ಸುಮ್ಮನೆ ಕೆಂಪನನ್ನು ತುಂಬಿದೆ. ತುಂಬಿ ಮುಗಿಸಿದವನಿಗೆ ಮೈ ಜುಂ ಎಂದಿತು. ಟೀವಿಯಲ್ಲಿದ್ದ ಕುಳ್ಳನೂ ಚೌಕಗಳಿಂದಲೇ ಆದವನು! ಟೋಪಿಗೆ ಇಷ್ಟು ಮನೆ, ಲಾಟೀನಿಗೆ ಇಷ್ಟು ಮನೆ. ಹೊಟ್ಟೆಪಾಡಿಗೆಂದು ಕಲಿತ ವಿದ್ಯೆಯೂ ನನ್ನ ಹುಚ್ಚೂ ಒಂದೇ ಹಾಳೆಯಲ್ಲಿ ಕೂತಿದ್ದವು. ಅಂದಿನಿಂದ ಕರೆಂಟು ಹೋಗುವುದನ್ನೇ ಕಾಯತೊಡಗಿದೆ. ಯಜಮಾನರ ಹಾಳೆ, ಯಜಮಾನರ ಬಣ್ಣ. ಹೇಳಿಕೊಳ್ಳಲು ನಾಚಿಕೆಯಾದರೂ ಅದೂ ನಿಜವೇ.

ನನ್ನ ಕಥೆಯಲ್ಲಿ ಕೆಂಪ ಟೀವಿಯಿಂದ ಹೊರಬಿದ್ದು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುತ್ತಾನೆ. ಮಾತಿನ ಅಕ್ಷರಗಳನ್ನೂ ಮನೆ ತುಂಬಿಯೇ ಬರೆಯಬೇಕಾದ್ದರಿಂದ ಒತ್ತಕ್ಷರಕ್ಕೆ ಜಾಗ ಸಾಲುತ್ತಿರಲಿಲ್ಲ. ಹಾಗಾಗಿ ಕೆಂಪ ಪಾಪ, "ಹನೂರು ಬಸು ಯಾವಾಗ ಬರುತದೆ?" ಎಂದು ಕೇಳುತ್ತಿದ್ದ. ಹನೂರಿಗೆ ಹೋದ, ತಮಿಳುನಾಡಿನ ಗಡಿಯ ಮಾರ್ಟಳ್ಳಿಗೆ ಹೋಗಿ ತಮಿಳಿನಲ್ಲಿ ಬೈಸಿಕೊಂಡ. ಆದರೆ ಯಳಂದೂರಿಗೆ ಮಾತ್ರ ಹೋಗಲಿಲ್ಲ. ಯಾಕೆಂದರೆ ಆಟದಲ್ಲಿ ಕೆಂಪನಿಗೆ ಬಲಕ್ಕೆ ಓಡುವುದು ಮಾತ್ರ ಗೊತ್ತು. ಭೂಪಟದಲ್ಲಿ ಕೊಳ್ಳೇಗಾಲದ ಬಲಕ್ಕೆ ಹನೂರು, ಎಡಕ್ಕೆ ಯಳಂದೂರು. ಹೀಗಾಗಿ ಹೋದವನು ವಾಪಸೂ ಬರಲಾಗದೆ ಆ ಕಡೆಯೇ ಸಿಕ್ಕಿಕೊಂಡಿದ್ದ. ಇದು ನನಗೆ ಬಹಳ ಅನುಕೂಲವಾಗಿ ಕಂಡಿತು. ಯಳಂದೂರಿಗೆ ಹೋಗುವುದೆಂದರೆ ನನಗೂ ಆಗದ ಕೆಲಸ. ಅಲ್ಲಿ ನಮ್ಮ ಮಾವ, ಬಿಸಿಲಿರಲಿ ಮಳೆಯಿರಲಿ ಕೈಯಲ್ಲೊಂದು ಕೊಡೆ ಹಿಡಿದು, ತಿರುವಿದ ಮೀಸೆಯ ಹಿಂದಿನಿಂದ "ಅಳಿಯಂದ್ರು ಈಗ ಏನ್ ಮಾಡ್ತಾವ್ರೆ?" ಎಂದು ಕೇಳುತ್ತಿದ್ದರು. ಆ 'ಈಗ' ಎಂಬುದರ ಮೇಲೆ ಅವರು ಹಾಕುತ್ತಿದ್ದ ಭಾರ ನನಗೆ ಬಸ್ಸಿಳಿದು ಮನೆ ಸೇರುವವರೆಗೂ ಇಳಿಯುತ್ತಿರಲಿಲ್ಲ. ಅವರ ಮೇಲೆ ತೀರಿಸಿಕೊಳ್ಳಲು ನನಗಿದ್ದುದು ಒಂದೇ ದಾರಿ. ಗುಹೆಯ ದೈತ್ಯನಿಗೆ ತಿರುವಿದ ಮೀಸೆ ಬರೆದೆ, ಕೈಗೆ ಕೊಡೆ ಕೊಟ್ಟೆ, ಕೆಂಪನನ್ನು ಆ ಮೀಸೆಯ ಎಡತುದಿಗೆ ಜೋತುಬೀಳಿಸಿದೆ. ಆ ಹಾಳೆಯನ್ನು ನೋಡಿ ಒಬ್ಬನೇ ಎಷ್ಟು ನಕ್ಕೆನೆಂದರೆ ಶಶಿಕಲಾ ಅಡುಗೆಮನೆಯಿಂದ ಬಂದು ನೋಡಿದಳು. ಹಾಳೆ ಸುತ್ತಿಕೊಂಡು, ಹೊಸ ಡಿಸೈನು ಎಂದೆ.

ಇದೇ ಹೊತ್ತಿಗೆ ಶಶಿಕಲಾಳ ತಂಗಿಗೆ ಮದುವೆ ಗೊತ್ತಾಯಿತು. ಮಾವನವರು ಖುದ್ದಾಗಿ ಬಂದು ಧಾರೆ ಸೀರೆಗೆ ನಮ್ಮ ಯಜಮಾನರಲ್ಲೇ ಹೇಳಿದರು. ಅಂಚಿನಲ್ಲಿ ಆನೆ, ನವಿಲು. "ಅಳಿಯಂದ್ರೇ ಬರೀಲಿ" ಎಂದರು. ಬರೆದೆ, ಚೆನ್ನಾಗಿಯೇ ಬರೆದೆ. ಬರೆದ ಹಾಳೆಯನ್ನು ಸುತ್ತಿ ಕಿಟಕಿಯಲ್ಲಿಟ್ಟೆ. ಅಲ್ಲಿ ಇನ್ನೊಂದು ಸುರುಳಿಯೂ ಇತ್ತು. ಊರಿಗೆ ಹೋಗುವ ದಾರಿಯಲ್ಲಿ ಹಾಳೆ ಕೇಳಲು ನಂಜಪ್ಪನವರು ಬಾಗಿಲಲ್ಲಿ ನಿಂತಾಗ ಹೋದ ಕರೆಂಟು ಫಕ್ಕನೆ ಬಂತು, ಟೀವಿ ಗುಂಯ್ ಎಂದಿತು. ಕೈಗೆ ಸಿಕ್ಕ ಸುರುಳಿಯನ್ನು ಅವರ ಕೈಗೆ ತುರುಕಿ ಆಟಕ್ಕೆ ಕುಳಿತೆ. ಬಿಚ್ಚಿ ನೋಡಲು ಎಷ್ಟು ಹೊತ್ತು ಬೇಕಿತ್ತು? ಅಷ್ಟು ಹೊತ್ತೂ ನನ್ನಲ್ಲಿರಲಿಲ್ಲ.

ಎರಡು ದಿನ ಬಿಟ್ಟು ನಂಜಪ್ಪನವರು ಮತ್ತೆ ಸಂಜೆ ಬಂದರು. "ಸಾ, ಮೂವತ್ತನೇ ಸಾಲ್ನಲ್ಲಿ ಎಡಗಡೆ ಮೂರು ಮನೆ ಬಿಟ್ಟೋಗವೆ. ಬಲಗಡೆ ತುಂಬವೆ, ಎಡಗಡೆ ಖಾಲಿ ಅವೆ. ನಾನೇ ತುಂಬ್ಕಬೋದಾ?" ಎಂದರು. ಕೆಂಪ ಆಗ ಏಳನೇ ಗುಹೆಯಲ್ಲಿದ್ದ. "ಹೂಂ, ನೀವೇ ಸರಿ ಮಾಡ್ಕೊಳ್ಳಿ" ಎಂದೆ, ತಿರುಗಿ ನೋಡಲಿಲ್ಲ. "ಬತ್ತೀನಿ ಸಾ" ಎಂದು ಅವರು ಹೋದದ್ದೂ ಗೊತ್ತಾಗಲಿಲ್ಲ.

ನಮ್ಮ ಮಗ್ಗಗಳಲ್ಲಿ ನೇಯುವಾಗ ಸೀರೆಯ ಒಳಮೈ ಮೇಲಿರುತ್ತದೆ. ನೇಯುವವರಿಗೂ ಕಾಣುವುದು ಜರಿಯ ಎಳೆಗಳ ಗೋಜಲೇ. ಹಾಗಾಗಿ ಮಗ್ಗದಿಂದ ಇಳಿಸಿ ಮಗುಚಿ ಹಾಸುವವರೆಗೆ ಯಾರಿಗೂ ಏನೂ ತಿಳಿಯಲಿಲ್ಲ. ಅಂದು ನಾನೂ ಅಲ್ಲೇ ಇದ್ದೆ. ಕೆಂಪು ರೇಷ್ಮೆಯ ಮೇಲೆ, ಈ ತುದಿಯಿಂದ ಆ ತುದಿಯವರೆಗೆ, ಅಪ್ಪಟ ಜರಿಯಲ್ಲಿ ನಮ್ಮ ಮಾವ. ಕೊಡೆ ಹಿಡಿದ ಮಾವ, ಪಕ್ಕದಲ್ಲಿ ಮತ್ತೆ ಕೊಡೆ ಹಿಡಿದ ಮಾವ, ಪ್ರತಿ ಮಾವನ ಮೀಸೆಗೂ ಒಬ್ಬೊಬ್ಬ ಕೆಂಪ.

ಯಜಮಾನರು ಹಾಳೆಯನ್ನು ನೋಡಿರಲಿಲ್ಲ. ಆನೆಯೇ ಹೀಗಾಗಿದೆ ಎಂದು ಅವರೇ ತೀರ್ಮಾನಿಸಿದರು. "ನಂಜಪ್ಪ, ಸೊಂಡ್ಲು ಎಣಿಸಕ್ಕೋಗಿ ಮೀಸೆ ಮಾಡಿದೀಯಲ್ಲಯ್ಯ! ಕಣ್ಣು ಕಾಣ್ದಿದ್ರೆ ಮನೇಲಿರು. ಮದ್ವೆಗೆ ಇನ್ನು ಹದಿನೈದು ದಿನ ಐತೆ, ಅವರಿಗೆ ನಾನೇನು ಯೇಳ್ಲಿ? ಗ್ರಾಫ್ ಎಲ್ಲಿ, ತತ್ತಾ" ಎಂದು ಕೂಗಾಡಿದರು. ನಂಜಪ್ಪನವರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಸೀರೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಎಲ್ಲೋ ಕಳದೋಯ್ತು ಬುದ್ಧಿ" ಎಂದರು. "ನಾಳೆಯಿಂದ ಬರಬ್ಯಾಡ" ಎಂದರು ಯಜಮಾನರು. ಆಮೇಲೆ ನನ್ನ ಕಡೆ ತಿರುಗಿ, "ವಯಸ್ಸಾದ ಮ್ಯಾಲೆ ಅಷ್ಟೇ, ಅಲ್ವೇನ್ರಿ?" ಎಂದರು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ಕ್ಯಾಲೆಂಡರ್ ನೋಡುತ್ತಲೇ ಹೌದೆಂದು ತಲೆಯಾಡಿಸಿದೆ. ಎಷ್ಟೇ ಎಣಿಸಿ ತಪ್ಪಿದರೂ ಆನೆಯ ಕೈಗೆ ಕೊಡೆ ಬರುವುದಿಲ್ಲ ಎಂದು ಆ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ಮೂವತ್ತು ವರ್ಷ ಒಂದು ಮನೆಯನ್ನೂ ತಪ್ಪದ ಮನುಷ್ಯನ ಕಣ್ಣನ್ನು ನಾನು ನನ್ನ ಕತ್ತು ಅಲ್ಲಾಡಿಸಿ ಕಿತ್ತುಕೊಂಡಿದ್ದೆ. ಬರೆಯುತ್ತಿರುವ ಈಗಲೂ ನಾಚಿಕೆಯಾಗುತ್ತಿದೆ.

ಅಂದು ಸಂಜೆ ಕರೆಂಟು ಹೋಗಲೇ ಇಲ್ಲ. ನಾನು ಟೀವಿ ಹಾಕಲಿಲ್ಲ.

ಮಾರನೇ ಬೆಳಿಗ್ಗೆ ನಂಜಪ್ಪನವರು ಮನೆಗೆ ಬಂದರು. ಶಶಿಕಲಾ ಕಾಫಿ ಕೊಟ್ಟಳು. ಕಾಫಿ ಕುಡಿದು, ಚೀಲದಿಂದ ಸುರುಳಿ ತೆಗೆದು ಮುಂದಿಟ್ಟರು. "ನಿಮ್ದು ಮಡಿಕಳಿ ಸಾ" ಎಂದರು.

"ಯಜಮಾನರಿಗೆ ಯಾಕೆ ಕೊಡಲಿಲ್ಲ ನಂಜಪ್ಪನವರೇ?"

"ಕೊಟ್ಟಿದ್ರೆ ಗೊತ್ತಾಗೋಗದು. ಎಣಿಸ್ವಾಗ ನಂಗೂ ತಿಳೀನಿಲ್ಲ. ಬಟ್ಟೆ ಮ್ಯಾಲೆ ನೋಡ್ದೆ, ನಿಮ್ಮ ಮಾವ್ನೋರೇ ಬಂದು ನಿಂತಂಗಾಯ್ತು. ಮದ್ವೆ ಮನೆ, ನಿಮ್ಗೆ ಯಾಕೆ ತೊಂದ್ರೆ ಅಂತ."

ಶಶಿಕಲಾ ಹಾಳೆ ಬಿಚ್ಚಿದಳು. ಅವಳಿಗೆ ಎಣಿಸುವ ಅಗತ್ಯ ಬೀಳಲಿಲ್ಲ. "ಇದು ನಮ್ಮಪ್ಪ" ಎಂದಳು. ಕಿಟಕಿಯಲ್ಲಿದ್ದ ಉಳಿದ ಹಾಳೆಗಳನ್ನೂ ತಂದು ನೆಲದ ಮೇಲೆ ಹಾಸಿ ಒಮ್ಮೆಯೂ ನಗದೆ ಓದಿದಳು. ನನ್ನ ಕಾಮಿಕ್ಸಿನ ಮೊದಲ ಓದುಗಾರ್ತಿ ಅವಳೇ. ಯಾವ ಲೇಖಕನಿಗೂ ಅಂಥ ಓದುಗರು ಸಿಗಬಾರದು. ನಂಜಪ್ಪನವರೂ ಬಗ್ಗಿ ನೋಡಿದರು. ಕೊನೆಯ ಹಾಳೆಯಲ್ಲಿ ಕೆಂಪ ಒಬ್ಬನೇ ನಿಂತಿದ್ದ.

"ಇವ್ನ್ಯಾಕೆ ಇಲ್ಲೇ ನಿಂತವ್ನೆ?"

"ಅವನಿಗೆ ಎಡಕ್ಕೆ ತಿರುಗಿ ವಾಪಸ್ ಬರೋಕೆ ಆಗಲ್ಲ. ಆಟದಲ್ಲಿ ಹಾಗೇ ಮಾಡಿದ್ದಾರೆ."

"ಅದೇನ್ ಮಾ ಕಷ್ಟ ಸಾ? ಅದೇ ಸಾಲ ಆ ಕಡೆಯಿಂದ ಎಣಿಸ್ಕ ಬನ್ನಿ, ತಿರಿಕತಾನೆ."

ದಿನಾ ಗ್ರಾಫ್ ಬರೆಯುವವನಿಗೆ ಅದು ಹೊಳೆದಿರಲಿಲ್ಲ. ಕೆಂಪನಿಗಿಂತ ಮೊದಲು ತಿರುಗಬೇಕಾದವನು ನಾನು. ಚಪ್ಪಲಿ ಮೆಟ್ಟಿಕೊಂಡು ಮೀಸೆಯ ಹಾಳೆಯನ್ನು ಎತ್ತಿಕೊಂಡು, ನಂಜಪ್ಪನವರನ್ನೂ ಕರೆದುಕೊಂಡು ಯಜಮಾನರ ಹತ್ತಿರ ಹೋದೆ. ಹೇಳಿದೆ. ಪೂರ್ತಿ ಹೇಳಿದೆ, ಕ್ಯಾಲೆಂಡರನ್ನೂ ತಲೆಯಾಡಿಸಿದ್ದನ್ನೂ ಸೇರಿಸಿ. ಯಜಮಾನರು ನನ್ನನ್ನು ಬೈದ ಬೈಗುಳಗಳಲ್ಲಿ ಒತ್ತಕ್ಷರಗಳೇ ಹೆಚ್ಚಿದ್ದವು. ಕೊನೆಗೆ, "ಕಣ್ಣು ನೆಟ್ಟಗಿರೋದು ಇವರ್ದು, ತೋರಿಸ್ಕಬೇಕಾದೋರು ನೀವು" ಎಂದು ನಂಜಪ್ಪನವರನ್ನು ಒಳಗೆ ಕರೆದುಕೊಂಡರು. ನನಗೆ ಸೀರೆಯ ಗಂಟು ಕೊಟ್ಟು, "ಯಳಂದೂರಿಗೆ ನೀವೇ ಹೋಗಿ ಯೇಳಿ ಬನ್ನಿ" ಎಂದರು.

ಶಶಿಕಲಾ ಜೊತೆಗೆ ಬಂದಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ಮಾವನವರು ಜಗಲಿಯ ಮೇಲೆ ಕೊಡೆ ಒರಗಿಸಿಕೊಂಡು ಕುಳಿತಿದ್ದರು. ಸೀರೆ ಹರಡಿ, "ತಪ್ಪಾಯ್ತು ಮಾವ" ಎಂದಷ್ಟೇ ಹೇಳಲು ಸಾಧ್ಯವಾಯಿತು. ಅವರು ಅಂಚನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರು. ಎಷ್ಟೋ ಹೊತ್ತು ನೋಡಿದರು. ನನ್ನ ಕಿವಿಗಳು ಒಲೆಯಾಗಿದ್ದವು.

"ಮೀಸೆ ನಂದು. ಕೊಡೆನೂ ನಂದೇ. ಈ ನೇತಾಡ್ತಾ ಇರ ಕುಳ್ಳ ಯಾರು?"

ಕೆಂಪ ಎನ್ನಲು ಹೊರಟೆ. ಶಶಿಕಲಾ ನನ್ನನ್ನೇ ನೋಡುತ್ತಿದ್ದಳು. "ನಾನು" ಎಂದೆ.

ಮಾವನವರು ಇನ್ನೊಮ್ಮೆ ನೋಡಿದರು. "ಎಣ್ಣು ಕೊಟ್ಟೆ, ಟೀವಿ ಕೊಟ್ಟೆ, ಕೆಲ್ಸನೂ ಕೊಡಿಸ್ದೆ. ಸರಿಯಾಗೇ ಬರ್ದಿದ್ದೀರಿ ಬುಡಿ" ಎಂದರು. ಅವರು ನಗಲಿಲ್ಲ. ಒಳಗಿನಿಂದ ಅತ್ತೆ ನಕ್ಕದ್ದು ಕೇಳಿಸಿತು, ಆಮೇಲೆ ಬಸ್ಸು ಹತ್ತಿದಾಗಿನಿಂದ ತಡೆದುಕೊಂಡಿದ್ದ ಶಶಿಕಲಾ ಕೂಡ ನಕ್ಕಳು. ಅಷ್ಟೂ ದಿನ ಅವರನ್ನು ಗೇಲಿ ಮಾಡುತ್ತಿದ್ದೇನೆ ಎಂದುಕೊಂಡು ನಾನು ಮನೆ ಮನೆ ತುಂಬಿದ್ದು ನನ್ನದೇ ಚಿತ್ರವನ್ನು ಎಂದು ಎಲ್ಲರಿಗಿಂತ ಕೊನೆಗೆ ತಿಳಿದದ್ದು ನನಗೆ.

ನಾದಿನಿಗೆ ಯಜಮಾನರು ಆನೆಯಂಚಿನ ಬೇರೊಂದು ಸೀರೆ ಕೊಟ್ಟರು. ಈ ಸೀರೆಯನ್ನು ಮಾವನವರೇ ಇಟ್ಟುಕೊಂಡು ಶಶಿಕಲಾಳಿಗೆ ಉಡಿಸಿದರು. ಈಗಲೂ ಹಬ್ಬಕ್ಕೆ ಯಳಂದೂರಿಗೆ ಹೋಗುವಾಗ ಅವಳು ಅದನ್ನೇ ಉಡುತ್ತಾಳೆ; ಬೇರೆ ಸೀರೆಗಳೂ ಇವೆ ಎಂದು ನಾನು ಹೇಳಿ ನೋಡಿದ್ದೇನೆ. ಬಾಗಿಲಲ್ಲಿ ಮಾವ ನನ್ನ ಮುಖ ನೋಡುವುದಿಲ್ಲ, ಅಂಚನ್ನು ನೋಡುತ್ತಾರೆ. "ಇನ್ನೂ ಬಿದ್ದಿಲ್ವಾ ಅಳಿಯಂದ್ರು?" ಎನ್ನುತ್ತಾರೆ. ಇಲ್ಲ ಮಾವ, ಎನ್ನುತ್ತೇನೆ. ಬೀಳದಿರುವುದು ನನ್ನ ಕೈಗುಣವಲ್ಲ ಎಂದು ನನಗೆ ಗೊತ್ತು. ಆ ಹಾಳೆಯನ್ನು ಆಮೇಲೆ ನಾನು ಮನೆ ಮನೆ ಎಣಿಸಿ ನೋಡಿದ್ದೇನೆ. ನಕ್ಕು ನಕ್ಕು ಬರೆಯುವ ಭರದಲ್ಲಿ ಮೀಸೆಯ ತುದಿಗೂ ಕೆಂಪನ ಕೈಗೂ ನಡುವೆ ಜಾಗ ಬಿಟ್ಟು, ಅವನನ್ನು ಗಾಳಿಯಲ್ಲಿ ತೂಗಹಾಕಿದ್ದೆ. ಹಿಡಿದುಕೊಳ್ಳಲು ಅವನಿಗೆ ಏನಾದರೂ ಸಿಕ್ಕಿದ್ದು ಮೂವತ್ತನೇ ಸಾಲಿನಲ್ಲಿ ನಂಜಪ್ಪನವರು ತುಂಬಿದ ಆ ಮೂರು ಮನೆಗಳಿಂದ.