ಜನರೇಟರಿಗೆ ಅಭ್ಯಂಜನ

ನಮ್ಮ ಚಿಕ್ಕಪ್ಪನಂಥ ಪುಕ್ಕಲು ಮನುಷ್ಯ ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಹುಡುಕಿದರೂ ಇನ್ನೊಬ್ಬ ಸಿಗಲಿಕ್ಕಿಲ್ಲ! ಹಲ್ಲಿ ಕಂಡರೆ ಹೆದರಿಕೆ, ಒಂಟಿ ಸೀನು ಬಂದರೆ ಹೆದರಿಕೆ, ರಾಹುಕಾಲದಲ್ಲಿ ಬಾಗಿಲು ತಟ್ಟಿದರೆ ಹಾಲಿನವನೂ ಯಮದೂತನೇ. ಇಂಥವರು ಮನೆಗೆ ಪೆಟ್ರೋಲ್ ಕುಡಿಯೋ ಜನರೇಟರ್ ತಂದಿಟ್ಟುಕೊಂಡಿದ್ದರು ಅಂದರೆ ನಂಬ್ತೀರಾ?

ತರಲೇಬೇಕಾಗಿತ್ತು. ಚಿಕ್ಕಮ್ಮನಿಗೆ ಉಬ್ಬಸ. ಜೋರಾದಾಗ ಔಷಧಿಯನ್ನು ಮಂಜಿನ ಹಾಗೆ ಮಾಡಿ ಮಾಸ್ಕಿನಿಂದ ಉಸಿರಿಗೆ ಕೊಡೋ ಪುಟ್ಟ ಮಷೀನೊಂದು ಮನೇಲಿತ್ತು. ಅದಕ್ಕೆ ಕರೆಂಟ್ ಬೇಕು. ತೊಂಬತ್ತರ ದಶಕದ ಬೆಂಗಳೂರಿನ ಕರೆಂಟೋ, ದೇವರಿಗೇ ಪ್ರೀತಿ! ನಾನು ಆಗ ಕಾಕ್ಸ್ ಟೌನಿನ ಅವರ ಮನೇಲಿದ್ದುಕೊಂಡು ಟಿನ್ ಫ್ಯಾಕ್ಟರಿ ಕಡೆ ಕೆಲಸಕ್ಕೆ ಹೋಗ್ತಿದ್ದೆ. ಹಾಗಾಗಿ ಈ ಪುರಾಣಕ್ಕೆಲ್ಲ ನಾನೇ ಸಾಕ್ಷಿ.

ಪೆಟ್ರೋಲ್ ತರೋದೇ ಒಂದು ಸಾಹಸ. ಕ್ಯಾನ್ ಹಿಡ್ಕೊಂಡು ಆಟೋ ಹತ್ತೋಕೆ ಭಯ. ಹಲಸೂರಿನ ಬಂಕಿನಿಂದ ನಡ್ಕೊಂಡೇ ಬರೋರು, ಕ್ಯಾನನ್ನು ಮೈಯಿಂದ ಮಾರು ದೂರ ಹಿಡಿದು. ಎದುರಿಗೆ ಬೀಡಿ ಸೇದೋರು ಕಂಡರೆ ರಸ್ತೆ ದಾಟೋರು. ಆ ಕಡೆಯೂ ಒಬ್ಬ ಸೇದ್ತಾ ನಿಂತಿರಬೇಕೇ? ಮತ್ತೆ ಈ ಕಡೆ! ತಿಂಡಿಗೆ ಮುಂಚೆ ಹೊರಟವರು ಊಟದ ಹೊತ್ತಿಗೆ ಬಂದು ಸೇರೋರು.

ಇನ್ನು ಭಾನುವಾರ. ಆವತ್ತು ಹಿತ್ತಲಲ್ಲಿ ಜನರೇಟರಿನ ಸೇವೆ. ಟ್ಯಾಂಕಿನ ಮುಚ್ಚಳ ತೆಗೆದರೆಂದರೆ ಮನೇಲಿ ಒಲೆ ಹಚ್ಚೋ ಹಾಗಿಲ್ಲ, ನಮಗೆಲ್ಲ ಕಾಫಿಯ ಉಪವಾಸ. ಗಾಳಿ ಸೋಸೋ ಸ್ಪಂಜನ್ನು ಬಿಚ್ಚಿ, ಸೀಗೆಪುಡಿ ಹಾಕಿ ತೊಳೆದು, ನೆರಳಲ್ಲಿ ಒಣಗಿಸಿ, ನಾಲ್ಕು ತೊಟ್ಟು ಎಣ್ಣೆ ಹಚ್ಚಿ ಹಿಂಡೋರು. ಆಮೇಲೆ ಕಿಡಿ ಹಾರಿಸೋ ಪ್ಲಗ್ ಬಿಚ್ಚಿ, ಕಟ್ಟಿದ ಕಾರ್ಬನ್ ಮಸಿ ಹೋಗೋವರೆಗೆ ಹಳೇ ಬ್ರಶ್ಶಿನಿಂದ ಅದಕ್ಕೆ ಹಲ್ಲುಜ್ಜಿಸೋರು.

"ರೀ, ಮದುವೆಯಾದಾಗಿಂದ ನನಗೊಂದಿನ ಎಣ್ಣೆ ಹಚ್ಚಿದೀರಾ?" ಅಂತ ಚಿಕ್ಕಮ್ಮ ಕಿಚಾಯಿಸೋರು.

"ನಿನಗೆ ಕಾರ್ಬನ್ ಕಟ್ಟಲ್ಲ ಕಣೇ!"

ಶಿವಾಜಿನಗರದ ಮೆಕ್ಯಾನಿಕ್ ಒಂದ್ಸಲ ಬಂದು ನೋಡಿ, "ಕ್ಯಾ ಸಾಬ್, ಇದು ಓಡೋದಕ್ಕಿಂತ ಸ್ನಾನ ಮಾಡೋದೇ ಜಾಸ್ತಿ!" ಅಂದು ಕೈಮುಗಿದು ಹೋದ.

ನಾವು ನಗ್ತಿದ್ದೆವು. ಆ ವರ್ಷದ ಆಯುಧ ಪೂಜೆಯವರೆಗೂ ನಗ್ತಿದ್ದೆವು.

ಜನರೇಟರಿಗೂ ಪೂಜೆ ಆಗಬೇಕಲ್ಲ? ಆದರೆ ಪೆಟ್ರೋಲ್ ಇರೋ ಕಡೆ ಕರ್ಪೂರ ಬೆಳಗೋದೆ? ಚಿಕ್ಕಪ್ಪ ಬೆವತುಹೋದರು. ಕೊನೆಗೆ ಉಪಾಯ ಹೊಳೀತು. ಪ್ಲಗ್ ಒಂದನ್ನೇ ಬಿಚ್ಚಿ, ಜನರೇಟರಿನ ಪ್ರತಿನಿಧಿಯಾಗಿ ದೇವರಮನೆಗೆ ಕಳಿಸಿದರು! ಚಿಕ್ಕಮ್ಮ ಅದನ್ನು ಸೌಟು, ಈಳಿಗೆಮಣೆಗಳ ಮಧ್ಯೆ ಕೂರಿಸಿ, ಸರಿಯಾಗಿ ಕಿಡಿ ಬರೋ ತುದಿಗೇ ಗಂಧ ಕುಂಕುಮ ಮೆತ್ತಿದರು. ಮಾರನೇ ದಿನ ವಿಜಯದಶಮಿ ಪೂಜೆ ಆಗೋವರೆಗೂ ಅದನ್ನು ಯಾರೂ ಮುಟ್ಟಕೂಡದು. ಮುಟ್ಟಿದರೆ ಕೇಡು ತಪ್ಪಿದ್ದಲ್ಲ ಅನ್ನೋದು ಆ ಮನೆಯ ನಂಬಿಕೆ.

ಸಂಜೆ ಬೀದಿಯೆಲ್ಲಾ ಧೂಪ, ಸಾಂಬ್ರಾಣಿ ಹೊಗೆ. ಚಿಕ್ಕಮ್ಮನಿಗೆ ಉಬ್ಬಸ ಶುರುವಾಯ್ತು. ಮಷೀನ್ ಹಚ್ಚಿ ಮಾಸ್ಕ್ ಇಟ್ಟೆವೋ ಇಲ್ಲವೋ, ಕರೆಂಟ್ ಹೋಯ್ತು! ಆಟೋ ಕರೆಯೋಣ ಅಂತ ಓಡಿದೆ. ಸ್ಟ್ಯಾಂಡಿನ ಆಟೋಗಳೆಲ್ಲ ಹಾರ ಹಾಕ್ಕೊಂಡು ಸಾಲಾಗಿ ನಿಂತಿವೆ, ಒಬ್ಬ ಡ್ರೈವರೂ ಇಲ್ಲ. ವಾಪಸ್ ಬಂದರೆ ಚಿಕ್ಕಮ್ಮ ಮಂಚದ ಅಂಚು ಹಿಡಿದು ಮುಂದಕ್ಕೆ ಬಾಗಿ ಕೂತಿದ್ದಾರೆ. ಟಾರ್ಚ್ ಬಿಟ್ಟು ನೋಡಿದರೆ ತುಟಿ ನೀಲಿ. ಒಂದೊಂದು ಉಸಿರಿಗೂ ಎದೆಯಲ್ಲಿ ಸೀಟಿ. ಅಯ್ಯೋ, ಆ ಸದ್ದು ಯಾರಿಗೂ ಬೇಡ.

ಚಿಕ್ಕಪ್ಪ ದೇವರಮನೆ ಹೊಸಿಲಲ್ಲಿ ನಿಂತಿದ್ದರು. ತುಟಿ ಏನೋ ಮಣಮಣ ಅಂತಿತ್ತು. ಮುಗೀತು, ಇವರು ಮುಟ್ಟಲ್ಲ, ನಾನೇ ನುಗ್ಗಬೇಕು ಅಂದ್ಕೊಂಡೆ. ಅಷ್ಟರಲ್ಲಿ ಅವರೇ ಒಳಗೆ ನುಗ್ಗಿ, ಪ್ಲಗ್ ಎತ್ತಿಕೊಂಡು, ಹೂವೆಲ್ಲ ಚೆಲ್ಲಾಡಿ ಹಿತ್ತಲಿಗೆ ಓಡಿದರು. ಗಂಧವನ್ನು ಹಬ್ಬದ ರೇಷ್ಮೆ ಪಂಚೆಯಲ್ಲೇ ಉಜ್ಜಿ ಒರೆಸಿ, ಪ್ಲಗ್ ತಿರುಗಿಸಿ, ಹಗ್ಗ ಎಳೆದರು. ಜನರೇಟರ್ ಕೆಮ್ಮಿ ಸುಮ್ಮನಾಯ್ತು. ಮತ್ತೆ ಎಳೆದರು. ಒಳಗಿನ ಸೀಟಿ ಸದ್ದು ಸಣ್ಣದಾಗ್ತಾ ಬಂತು, ಅದು ಇನ್ನೂ ಭಯ. "ಎದ್ದೇಳೇ, ಎದ್ದೇಳೇ ನಮ್ಮಮ್ಮಾ!" ಅಂತ ಜನರೇಟರನ್ನೇ ಗೋಗರೆಯುತ್ತಾ, ಅಳ್ತಾನೇ ಇನ್ನೊಮ್ಮೆ ಎಳೆದರು. ಸ್ಟಾರ್ಟ್ ಆಯ್ತು ನೋಡಿ! ಆ ಕರ್ಕಶ ಸದ್ದಿನಷ್ಟು ಇಂಪಾದದ್ದನ್ನು ನಾನು ಜನ್ಮದಲ್ಲಿ ಕೇಳಿಲ್ಲ.

ಮಷೀನ್ ಮತ್ತೆ ಓಡಿ, ಎಷ್ಟೋ ಹೊತ್ತಿನ ಮೇಲೆ ಚಿಕ್ಕಮ್ಮನ ತುಟಿಗೆ ಬಣ್ಣ ಬಂತು. ಮಾಸ್ಕ್ ಸರಿಸಿ ಮೊದಲು ಕೇಳಿದ್ದೇನು ಗೊತ್ತಾ?

"ರೀ, ಪೂಜೆಗಿಟ್ಟಿದ್ದನ್ನ ಎತ್ಕೊಂಡ್ರಾ? ಭಯ ಆಗ್ಲಿಲ್ವಾ?"

"ಆಯ್ತು ಕಣೇ, ಜೀವ ಹೋದಂಗಾಯ್ತು," ಅಂದರು ಚಿಕ್ಕಪ್ಪ. "ಸಿಟ್ಟು ಬಂದ್ರೆ ನನ್ನನ್ನ ಕರ್ಕೊಂಡ್ಬಿಡು ತಾಯಿ, ಇವಳನ್ನ ಬಿಟ್ಬಿಡು ಅಂತ ಹೇಳ್ಬಿಟ್ಟೇ ಎತ್ಕೊಂಡೆ."

ಚಿಕ್ಕಮ್ಮ ನಗಲಿಲ್ಲ. ಮಸಿ ಮೆತ್ತಿದ್ದ ಅವರ ಕೈಯನ್ನು ಎಳೆದು ಕೆನ್ನೆಗೆ ಒತ್ತಿಕೊಂಡು, ಹಾಗೇ ಕೂತುಬಿಟ್ಟರು.